ಮೈಕಿನಲ್ಲಿ ತಗೊಂಡ ದತ್ತು

ಬ್ಯಾಗುಗಳಿಗಿಂತ ಮೊದಲು ಅವುಗಳ ವಾಸನೆ ಬಂತು. ಟೆಂಪೋದ ಹಿಂಬಾಗಿಲು ತೆಗೆದದ್ದೇ ತಡ, ಸುಟ್ಟ ರಬ್ಬರಿನದೋ ಸೀಮೆಎಣ್ಣೆಯದೋ ತಿಳಿಯದ ಒಂದು ಕಮಟು ಶಾಲೆಯ ಅಂಗಳಕ್ಕೆಲ್ಲ ಹರಡಿ, ಹೊಂಗೆಮರದ ಕೆಳಗೆ ಬೆಳಗಿನಿಂದ ಕೂತಿದ್ದ ಮಕ್ಕಳು ಮೂಗು ಮುಚ್ಚಿಕೊಂಡರು. ಹೆಡ್‌ಮಾಸ್ಟರ್ ತಿಮ್ಮರಾಯಪ್ಪನವರು ಬೆತ್ತದ ತುದಿಯಿಂದ ಒಂದೊಂದೇ ಕೈಯನ್ನು ಕೆಳಗಿಳಿಸುತ್ತ ಹೋದರು. ಕೊಡುವವರ ಎದುರಿಗೆ ಮೂಗು ಮುಚ್ಚಿಕೊಂಡರೆ ಏನಂದುಕೊಂಡಾರು ಎಂಬುದು ಅವರ ಚಿಂತೆ.

ಒಂದೊಂದು ಬ್ಯಾಗಿನ ಮೇಲೂ ಬಾಲರಾಜುವಿನ ಮುಖ. ಹಿರಿಯೂರಿನ ಸಿಮೆಂಟು ಕಬ್ಬಿಣದ ಅಂಗಡಿಯ ಮಾಲೀಕ, ನೆರಳು ಸೇವಾ ಬಳಗದ ಅಧ್ಯಕ್ಷ. ಕೈಮುಗಿದು ನಗುವ ಆ ಮುಖ ಅಂಗೈಯಗಲ ಇದ್ದಿದ್ದರೆ ಹೇಗೋ ಸಹಿಸಬಹುದಿತ್ತು. ಅದು ಬ್ಯಾಗಿನಷ್ಟೇ ಅಗಲವಿತ್ತು. ನಡುವೆ ಹಾದುಹೋದ ಜಿಪ್ಪು ಮೀಸೆಯ ಕೆಳಗೆ ಇನ್ನೊಂದು ಬಾಯಿಯ ಹಾಗೆ ಕಾಣುತ್ತಿತ್ತು.

ಮಕ್ಕಳಿಗೆ ಬ್ಯಾಗು ತೊಡಿಸುವ ಕೆಲಸ ಯಮುನಾಳ ಪಾಲಿಗೆ ಬಂತು. ಧರ್ಮಪುರದಿಂದಾಚೆ, ಬಸ್ಸು ತಿರುಗಿಸಿಕೊಳ್ಳುವ ಕಡೆಯ ಊರಿನ ಈ ಹೈಸ್ಕೂಲಿಗೆ ಆಕೆ ಗಣಿತದ ಅತಿಥಿ ಶಿಕ್ಷಕಿಯಾಗಿ ಬಂದು ಒಂದೂವರೆ ವರ್ಷವಾಗಿತ್ತು. ಬೋರ್ಡಿನ ಕಡೆ ಮುಖ ಮಾಡಿದರೆ ಅವಳ ದನಿ ಕೊನೆಯ ಬೆಂಚಿಗೂ ಕೇಳುತ್ತಿತ್ತು. ಮನುಷ್ಯರ ಕಡೆ ತಿರುಗಿದರೆ ಅದೇ ದನಿ ಗಂಟಲಲ್ಲೇ ಕೂತುಬಿಡುತ್ತಿತ್ತು. ಸ್ಟಾಫ್ ರೂಮಿನಲ್ಲಿ ಯಾರು ಯಾವ ಹಾಳೆ ಮುಂದೆ ಚಾಚಿದರೂ ಓದುವ ಮೊದಲೇ ಸಹಿ ಹಾಕಿಬಿಡುವಳು. ಹಾಕದಿದ್ದರೆ ಯಾಕೆಂದು ಮಾತಾಡಬೇಕಾಗುತ್ತದಲ್ಲ.

ಅವಳು ಬ್ಯಾಗುಗಳನ್ನು ಮಕ್ಕಳ ಬೆನ್ನಿಗೆ ಹಾಕುತ್ತಿದ್ದಳು. ಫೋಟೋದವನು ಓಡಿ ಬಂದು, ಬೆನ್ನಿಗಲ್ಲ ಎದೆಗೆ ಹಾಕಬೇಕು, ಇಲ್ಲದಿದ್ದರೆ ಅಣ್ಣನ ಮುಖ ಬರುವುದಿಲ್ಲ ಎಂದ. ಮತ್ತೆ ಎಲ್ಲ ಬಿಚ್ಚಿ ಎದೆಗೆ ತೊಡಿಸಿದ್ದಾಯಿತು. ನಲವತ್ತಾರು ಮಕ್ಕಳು ನಲವತ್ತಾರು ಬಾಲರಾಜುಗಳನ್ನು ಎದೆಯ ಮೇಲೆ ಹೊತ್ತು ಬಿಸಿಲಿಗೆ ನಿಂತರು. ಕುರಿಗಳಿಗೆ ಬಣ್ಣ ಬಳಿದು ಗುರುತು ಮಾಡುವುದನ್ನು ಯಮುನಾ ಈ ಸೀಮೆಯಲ್ಲಿ ದಿನಾ ನೋಡುತ್ತಿದ್ದಳು. ಅದರಲ್ಲೂ ಇಷ್ಟು ಹೇಸಿಗೆ ಇರಲಿಲ್ಲ. ಬಣ್ಣ ಬಳಿದವನು ಕುರಿಯಿಂದ ಧನ್ಯವಾದದ ಹಾಡು ಹೇಳಿಸುವುದಿಲ್ಲ.

ಬಾಲರಾಜು ಮುಕ್ಕಾಲು ಗಂಟೆ ಮಾತಾಡಿದ. ತಾನು ಚಿಕ್ಕವನಿದ್ದಾಗ ಪಾಟೀಚೀಲಕ್ಕೆ ಗೊಬ್ಬರದ ಚೀಲ ಹೊಲಿಸಿಕೊಂಡದ್ದು, ಇವತ್ತು ತಾಲ್ಲೂಕಿನ ಮಕ್ಕಳ ಬೆನ್ನೆಲ್ಲ ತನ್ನದೇ ಆದದ್ದು, ಎಲ್ಲ ಹೇಳಿದ. ಆಮೇಲೆ ಹತ್ತನೆಯ ತರಗತಿಯಲ್ಲಿ ಯಾರು ಚೆನ್ನಾಗಿ ಓದುತ್ತಾರೆ ಎಂದು ಕೇಳಿದ. ತಿಮ್ಮರಾಯಪ್ಪನವರು ಕಾರೆಹಟ್ಟಿಯ ಮೋನಿಕಾಳನ್ನು ಭುಜ ಹಿಡಿದು ಮುಂದಕ್ಕೆ ತಳ್ಳಿದರು. ಕುರಿ ಕಾಯುವ ಜುಂಜಪ್ಪನ ಮಗಳು, ಗಣಿತದಲ್ಲಿ ಶಾಲೆಗೇ ಮೊದಲು. ಬಾಲರಾಜು ಅವಳ ತಲೆಯ ಮೇಲೆ ಕೈಯಿಟ್ಟು ಕ್ಯಾಮೆರಾ ನೋಡಿದ.

"ಈ ಮಗೂನ ಇವತ್ತಿಂದ ನಾನು ದತ್ತು ತಗೊಂಡಿದ್ದೀನಿ. ಇನ್ಮುಂದೆ ಇವಳು ನನ್ನ ಮಗಳು."

ಚಪ್ಪಾಳೆ ಬಿತ್ತು.

ದತ್ತು ಎನ್ನುವ ಮಾತು ಈಗ ಸಸ್ತಾ ಆಗಿಹೋಗಿದೆ. ಕೆರೆ ದತ್ತು, ಶಾಲೆ ದತ್ತು, ಪಟ್ಟಣದ ಸರ್ಕಲ್ಲಿನ ನಡುವೆ ಬೆಳೆದ ಹುಲ್ಲೂ ದತ್ತು. ಆದರೆ ಕಾರೆಹಟ್ಟಿಯಲ್ಲಿ ಆ ಮಾತಿನ ತೂಕ ಇನ್ನೂ ಇಳಿದಿರಲಿಲ್ಲ. ಹತ್ತು ಜನ ಕೂತ ಕಡೆ ಬಾಯಿಬಿಟ್ಟು ಆಡಿದರೆ ಮುಗಿಯಿತು, ಮಗು ಹೆತ್ತ ಮನೆಯದಲ್ಲ. ಅದರ ಬೆಡಗು ಬದಲಾಗುತ್ತದೆ, ಮನೆದೇವರು ಬದಲಾಗುತ್ತದೆ. ಬೆಡಗೆಂದರೆ ವಂಶದ ಹೆಸರು. ಹೆಣ್ಣು ಕೊಡುವಾಗ ತರುವಾಗ ಮೊದಲು ಕೇಳುವುದು ಅದನ್ನೇ. ಜುಂಜಪ್ಪನ ಚಿಕ್ಕಪ್ಪನೊಬ್ಬನನ್ನು ಹೀಗೆಯೇ ಶಿರಾ ಕಡೆಯ ಹಟ್ಟಿಗೆ ಕೊಟ್ಟಿದ್ದರು. ಹಲ್ಲು ಉದುರಿದ ಮುದುಕನಾಗಿದ್ದರೂ ಅವನು ಇವತ್ತಿಗೂ ಹೆತ್ತ ಮನೆಗೆ ನೆಂಟನ ಹಾಗೆಯೇ ಬಂದುಹೋಗುತ್ತಾನೆ.

ಪೋಷಕರ ಸಾಲಿನಲ್ಲಿ ಕೂತಿದ್ದ ಮೋನಿಕಾಳ ಅಜ್ಜಿ ಪುಟ್ಟಕ್ಕ ಮೊಣಕಾಲು ಹಿಡಿದುಕೊಂಡು ಎದ್ದಳು. ಸೆರಗು ಸರಿಮಾಡಿಕೊಂಡು ನೆಟ್ಟಗೆ ಮೈಕಿನ ಹತ್ತಿರ ಹೋದಳು.

"ಸ್ವಾಮಿ, ತಮ್ದು ಯಾವ ಬೆಡಗು?"

ಬಾಲರಾಜುವಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಮೈಕನ್ನು ಬಾಯಿಯ ಹತ್ತಿರಕ್ಕೆ ತಂದುಕೊಂಡ.

"ನಮ್ದು ಸೇವೆ ಅನ್ನೋ ಬೆಡಗು, ಅಜ್ಜಿ."

ಮೇಷ್ಟ್ರುಗಳೆಲ್ಲ ಗೊಳ್ಳೆಂದರು. ಬಾಲರಾಜು ತನ್ನ ಕುತ್ತಿಗೆಯ ಶಾಲು ತೆಗೆದು ಪುಟ್ಟಕ್ಕನಿಗೆ ಹೊದಿಸಿದ, ಫೋಟೋದವನು ಎರಡು ಸಲ ಹೊದಿಸಿ ಎಂದ, ಎರಡು ಸಲ ಹೊದಿಸಿದ. ತಿಮ್ಮರಾಯಪ್ಪನವರು ಯಮುನಾಳಿಗೆ ಆ ಮುದುಕಿಯನ್ನು ಕೂರಿಸುವಂತೆ ಸನ್ನೆ ಮಾಡಿದರು. ಯಮುನಾ ಕೈಹಿಡಿದು ಮರದ ಕೆಳಕ್ಕೆ ಕರೆತಂದಳು. ಪುಟ್ಟಕ್ಕ ಕೂರಲಿಲ್ಲ. ಯಮುನಾಳ ಮಣಿಕಟ್ಟನ್ನೇ ಹಿಡಿದುಕೊಂಡು, ಓದಿದವಳು ನೀನು ಹೇಳು, ಆತ ನಿಜವಾಗಿ ದತ್ತು ತಗೊಂಡನಾ ಎಂದು ಕೇಳಿದಳು.

ಅದು ಬರೀ ಮಾತು ಅಜ್ಜಿ, ಒಂದಿಷ್ಟು ಪುಸ್ತಕ ಕೊಡುತ್ತಾರೆ ಅಷ್ಟೆ, ಎಂದು ಬಿಡಿಸಿ ಹೇಳಲು ನಾಲ್ಕು ವಾಕ್ಯ ಬೇಕಿತ್ತು. ಸುತ್ತ ಜನ ತಿರುಗಿ ನೋಡುತ್ತಿದ್ದರು. ಯಮುನಾಳ ಕಿವಿ ಬಿಸಿಯಾಯಿತು.

"ಹ್ಞೂ ಅಜ್ಜಿ," ಎಂದಳು.

ಬ್ಯಾಗುಗಳ ಬಣ್ಣ ವಾರದೊಳಗೆ ತಿಳಿಯಿತು. ಎರಡು ಪುಸ್ತಕ ಹೆಚ್ಚು ಹಾಕಿದರೆ ಪಟ್ಟಿ ಕಿತ್ತು ಬರುತ್ತಿತ್ತು. ಒಳಗಿಟ್ಟು ಕೊಟ್ಟಿದ್ದ ನೋಟ್‌ಬುಕ್ಕಿನಲ್ಲಿ ಈ ಪುಟದಲ್ಲಿ ಬರೆದದ್ದು ಮೂರನೆಯ ಪುಟದವರೆಗೆ ಇಳಿಯುತ್ತಿತ್ತು, ಅಕ್ಷರಗಳೆಲ್ಲ ಕಾಲು ಬಿಟ್ಟ ಹುಳುಗಳಂತೆ ಕಾಣುತ್ತಿದ್ದವು. ಕಂಪಾಸು ಪೆಟ್ಟಿಗೆಯ ಕೈವಾರ ತಿರುಗಿಸಿದರೆ ವೃತ್ತ ಹೊರಟ ಜಾಗಕ್ಕೆ ವಾಪಸು ಬಂದು ಕೂಡುತ್ತಲೇ ಇರಲಿಲ್ಲ. ಹುಡುಗರು ಜಿಪ್ಪು ಎಳೆದೆಳೆದು ಬಾಲರಾಜುವಿನ ಬಾಯಿ ತೆಗೆಸಿ ಮುಚ್ಚಿಸಿ ಆಡಿಕೊಂಡರು. ಆ ನಗುವಿನಲ್ಲಿ ಮೋನಿಕಾ ಮಾತ್ರ ಇರಲಿಲ್ಲ. ಬಿಸಿಯೂಟಕ್ಕೂ ಕೊನೆಗೆ ಬಂದು ಮೂಲೆಯಲ್ಲಿ ಕೂತು ಏಳುತ್ತಿದ್ದಳು.

ಹತ್ತನೆಯ ದಿನ, ಸೋಮವಾರ, ಕೈತೊಳೆಯುವ ನಲ್ಲಿಯ ಹತ್ತಿರ ಅವಳು ಯಮುನಾಳಿಗಾಗಿ ಕಾದು ನಿಂತಿದ್ದಳು.

"ಮಿಸ್, ಅವ್ರು ಯಾವತ್ತು ಬತ್ತಾರೆ, ನನ್ನ ಕರ್ಕಂಡೋಗಾಕೆ?"

ಯಾರು ಎಂದು ಯಮುನಾ ಕೇಳಿದಳು. ಕೇಳುತ್ತಿರುವಾಗಲೇ ಅವಳಿಗೆ ಗೊತ್ತಾಯಿತು.

ಹುಡುಗಿ ನೆಲ ನೋಡುತ್ತ ಹೇಳಿದ್ದು ಇಷ್ಟು. ಆವತ್ತಿನಿಂದ ಮನೆಯಲ್ಲಿ ಅವಳು ನೆಂಟಳು. ಊಟಕ್ಕೆ ಅವಳಿಗೇ ಮೊದಲು ಹಾಕುತ್ತಾರೆ, ತಟ್ಟೆ ತೊಳೆಯಲು ಬಿಡುವುದಿಲ್ಲ, ದೇವರ ಗೂಡಿನ ದೀಪ ಮುಟ್ಟಲು ಬಿಡುವುದಿಲ್ಲ. ಮೂರು ತಿಂಗಳ ತಮ್ಮನನ್ನು ಎತ್ತಿಕೊಂಡರೆ ಅವ್ವ ಮೆಲ್ಲಗೆ ಈಸಿಕೊಂಡು ಅತ್ತ ತಿರುಗಿ ಕೂರುತ್ತಾಳೆ. ಪ್ರತಿ ವರ್ಷ ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ಅಪ್ಪ ಮಂದೆ ಹೊಡೆದುಕೊಂಡು ದಾವಣಗೆರೆ ಕಡೆಯ ಗದ್ದೆಬಯಲಿಗೆ ಹೋಗುತ್ತಾನೆ, ಅವ್ವ ಅಡುಗೆಗೆ ಜೊತೆಯಲ್ಲಿ ಹೋಗುತ್ತಾಳೆ. ಈ ಸಲ ಕೂಸು ನೋಡಿಕೊಳ್ಳಲು ಮೋನಿಕಾಳೂ ಹೋಗಬೇಕಿತ್ತು, ಶಾಲೆ ಬಿಡಿಸುವುದೆಂದು ಗೊತ್ತಾಗಿತ್ತು. ಈಗ ಬೇರೆ ಮನೆಯ ಮಗಳನ್ನು ಕುರಿ ಹಿಂದೆ ನಡೆಸುವುದು ಹೇಗೆ? ಅದಕ್ಕೆ ಎಪ್ಪತ್ತು ದಾಟಿದ ಅಜ್ಜಿಯೇ ಕೂಸಿಗಾಗಿ ಹೊರಟಿದ್ದಾಳೆ. ಗುರುವಾರ ಬೆಳಗಿನ ಜಾವ ಮನೆಗೆ ಬೀಗ ಬೀಳುತ್ತದೆ. ಅಷ್ಟರೊಳಗೆ ದತ್ತು ತಗೊಂಡವರು ಬಂದು ಕರೆದುಕೊಂಡು ಹೋಗಬೇಕು.

"ಪರೀಕ್ಷೆ ಹಿರಿಯೂರಾಗೇ ಬರೀಬೇಕಾ, ಮಿಸ್?" ಎಂದು ಕೊನೆಗೆ ಕೇಳಿದಳು. ಅವಳ ದನಿಯಲ್ಲಿ ಅಳು ಇತ್ತು, ಅದರ ಕೆಳಗೆ ಒಂದು ಸಣ್ಣ ಆಸೆಯೂ ಇತ್ತು. ಯಮುನಾಳಿಗೆ ಆ ಆಸೆಯನ್ನು ನೋಡಲಾಗಲಿಲ್ಲ.

ತಿಮ್ಮರಾಯಪ್ಪನವರು ಸಂಗತಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಒಳ್ಳೆಯದೇ ಆಯಿತಲ್ಲ ಮೇಡಂ, ಹುಡುಗಿ ಕುರಿ ಹಿಂದೆ ಹೋಗುವುದು ತಪ್ಪಿತು, ನಮ್ಮ ರಿಸಲ್ಟ್ ಉಳಿಯಿತು, ಯಾರಿಗೂ ಏನೂ ಬಿಡಿಸಿ ಹೇಳಲು ಹೋಗಬೇಡಿ ಎಂದರು. ಹುಡುಗಿ ಇರುವುದೆಲ್ಲಿ ಎಂದು ಯಮುನಾ ಕೇಳಿದ್ದಕ್ಕೆ, ಹಟ್ಟಿಯಲ್ಲಿ ಯಾರಾದರೂ ಇಟ್ಟುಕೊಳ್ಳುತ್ತಾರೆ, ಆ ಜನ ಹಂಗೇ, ಎಂದು ಡಬ್ಬಿ ಬಿಚ್ಚಿ ಚಿತ್ರಾನ್ನ ಉಣ್ಣತೊಡಗಿದರು. ಮೀಸೆಗೆ ಅಂಟಿದ ಒಂದು ಅಗುಳು ಅವರು ನಕ್ಕಾಗಲೆಲ್ಲ ಕುಣಿಯುತ್ತಿತ್ತು.

ಮರುದಿನ ಅರ್ಧ ದಿನ ರಜೆ ಹಾಕಿ ಯಮುನಾ ಹಿರಿಯೂರಿಗೆ ಹೋದಳು. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ತಲೆ ಆನಿಸಿ, ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡಳು. ಅಂಗಡಿಯ ಮಹಡಿಯ ಮೇಲೆ ಬಳಗದ ಕಚೇರಿ. ಮೆಟ್ಟಿಲ ಬುಡದಿಂದಲೇ ಅದೇ ರಬ್ಬರಿನ ಕಮಟು. ಕೋಣೆಯ ಒಂದು ಗೋಡೆಗೆ ಸೂರಿನವರೆಗೆ ಬ್ಯಾಗುಗಳನ್ನು ಒಟ್ಟಿದ್ದರು. ನೂರಾರು ಬಾಲರಾಜುಗಳು ಕೈಮುಗಿದು ನಗುತ್ತಿದ್ದರು, ಅವರ ಕೆಳಗೆ ನಿಜವಾದವನು ಕೂತು ಹಲ್ಲುಕಡ್ಡಿ ಆಡಿಸುತ್ತಿದ್ದ.

ಬರ್ರಿ ಮೇಡಂ, ಕುಂತ್ಕಳ್ರಿ ಎಂದು ಬಾದಾಮಿ ಹಾಲು ತರಿಸಿದ. ಆಕೆ ಬಾಯಿಪಾಠ ಮಾಡಿದ್ದನ್ನು ತಡವರಿಸುತ್ತ ಒಪ್ಪಿಸಿದಳು. ಆತ ಕೇಳುತ್ತ ಕೇಳುತ್ತ ಫೋನು ನೋಡಿದ. ತನಗೆ ಈಗಾಗಲೇ ನಲವತ್ತು ದತ್ತು ಮಕ್ಕಳಿದ್ದಾರೆ, ಹೊಸದುರ್ಗದಲ್ಲಿ, ಹೊಳಲ್ಕೆರೆಯಲ್ಲಿ, ಎಲ್ಲ ಕಡೆ. ಎಲ್ಲರನ್ನೂ ಮನೆಗೆ ತಂದರೆ ಹೆಂಡತಿ ತನ್ನನ್ನೇ ಆಚೆ ಹಾಕುತ್ತಾಳೆ ಎಂದು ನಕ್ಕ. ಹುಡುಗಿಯ ಬ್ಯಾಗು ಕಿತ್ತಿದ್ದರೆ ಇನ್ನೊಂದು ತೆಗೆದುಕೊಂಡು ಹೋಗಿ ಎಂದ. ಹಾಗೇ, ಅವಳ ಕೈಲಿ ಚೆಂದ ಅಕ್ಷರದಲ್ಲಿ ಒಂದು ಕೃತಜ್ಞತಾ ಪತ್ರ ಬರೆಸಿ ಕಳಿಸಿ, ಬಳಗದ ಗ್ರೂಪಿಗೆ ಹಾಕಬೇಕು ಎಂದ.

ಹಾಲಿನ ಮೇಲೆ ಕೆನೆ ಕಟ್ಟಿ, ಲೋಟದ ಅಂಚಿಗೆ ಅಂಟಿ, ಸುಕ್ಕುಗಟ್ಟುತ್ತಿತ್ತು. ಯಮುನಾ ಅದನ್ನೇ ನೋಡುತ್ತ ಕೂತಳು. ಎದ್ದು ಆ ಹಾಲನ್ನು ಬ್ಯಾಗುಗಳ ರಾಶಿಗೆ ಎರಚಬೇಕು ಎನಿಸಿತು. ಎರಚುವ ಪೈಕಿ ತಾನಲ್ಲ ಎಂಬುದೂ ಗೊತ್ತಿತ್ತು. ಹತ್ತು ಜನರ ಮುಂದೆ ನನ್ನ ಮಗಳು ಎಂದಿರಲ್ಲ ಸರ್ ಎಂದಷ್ಟೇ ಹೇಳಿದಳು.

ಬಾಲರಾಜು ಹಲ್ಲುಕಡ್ಡಿ ಕೆಳಗಿಟ್ಟ. ಡ್ರಾಯರು ಎಳೆದು ಒಂದು ಹಾಳೆ ತೆಗೆದು ಅವಳ ಮುಂದೆ ತಿರುಗಿಸಿದ. ಶಾಲೆಯಿಂದ ತಿಮ್ಮರಾಯಪ್ಪನವರೇ ಕಳಿಸಿದ್ದು. ಕಾರ್ಯಕ್ರಮ ಬೇಕೆಂದು ಕೇಳುವಾಗ, ನಮ್ಮಲ್ಲಿ ಮಕ್ಕಳಿಗೆ ಹಿರಿಯರ ಆಸರೆ ಎಷ್ಟಿದೆ ನೋಡಿ ಎಂದು ಲಗತ್ತಿಸಿದ್ದ ಪಟ್ಟಿ. ಮೇಲೆ ದಪ್ಪಕ್ಷರದಲ್ಲಿ 'ದತ್ತು ಪಡೆದ ಶಿಕ್ಷಕರು ಹಾಗೂ ವಿದ್ಯಾರ್ಥಿಗಳು'. ರಿಸಲ್ಟ್ ಏರಿಸಲೆಂದು ಹತ್ತನೆಯ ತರಗತಿಯ ಮಕ್ಕಳನ್ನು ಒಬ್ಬೊಬ್ಬ ಶಿಕ್ಷಕರ ಹೆಸರಿಗೆ ಹಂಚಿದ ಪಟ್ಟಿ ಅದು. ಏಳನೆಯ ಸಾಲಿನಲ್ಲಿ ಮೋನಿಕಾ ಜೆ., ಕಾರೆಹಟ್ಟಿ. ಎದುರಿಗೆ ಯಮುನಾಳ ಹೆಸರು. ಅದರ ಪಕ್ಕ ಅವಳದೇ ಸಹಿ, ಜುಲೈ ತಿಂಗಳಿನದು.

"ನೀವೂ ತಗಂಡಿದ್ದೀರಲ್ಲ ಮೇಡಂ, ನನಗಿಂತ ಮುಂಚೇನೆ," ಎಂದ ಬಾಲರಾಜು. "ನೀವು ಮನೇಗೆ ಕರ್ಕಂಡೋಗಿದ್ರಾ?"

ಆತ ಕೆಟ್ಟದಾಗಿ ಕೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆನ್ನುವವನ ಹಾಗೆ ಕೇಳಿದ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಮೆಟ್ಟಿಲಿಳಿದು, ಬಸ್ ನಿಲ್ದಾಣದ ಹಿಂದಿನ ಗೋಡೆಗೆ ಕೈಯಾನಿಸಿ ನಿಂತಳು. ಇಷ್ಟು ದಿನ ಹೇಸಿಗೆಯೆಲ್ಲ ಆ ಬ್ಯಾಗಿನ ಮೇಲಿನ ಮುಖದ್ದು ಎಂದುಕೊಂಡಿದ್ದಳು. ಜುಲೈಯಿಂದ ಡಿಸೆಂಬರಿನವರೆಗೆ ಆ ಹುಡುಗಿ ಎಲ್ಲಿ ಮಲಗುತ್ತಾಳೆ, ಯಾವ ಬೆಳಕಿನಲ್ಲಿ ಓದುತ್ತಾಳೆ ಎಂದು ಒಂದು ಸಲವಾದರೂ ಕೇಳಿದ್ದೆನೇ ಎಂದು ಹುಡುಕಿಕೊಂಡಳು. ಕೇಳಿರಲಿಲ್ಲ. ಆತನಾದರೂ ಒಂದು ಬ್ಯಾಗು ಕೊಟ್ಟಿದ್ದ.

ಬುಧವಾರ ಸಂಜೆ ಶಾಲೆ ಬಿಟ್ಟಮೇಲೆ ಅವಳು ಮೋನಿಕಾಳ ಹಿಂದೆ ಕಾರೆಹಟ್ಟಿಗೆ ನಡೆದಳು. ಶೇಂಗಾ ಕಿತ್ತ ಹೊಲಗಳ ನಡುವೆ ಮೂರು ಮೈಲಿ. ದಿನಾ ಬೆಳಿಗ್ಗೆ ಸಂಜೆ ಹುಡುಗಿ ನಡೆಯುವ ದಾರಿ ಅದು ಎಂದು ಯಮುನಾಳಿಗೆ ಆವತ್ತೇ ತಿಳಿದದ್ದು. ಮನೆಯ ಮುಂದೆ ಮುಳ್ಳುಬೇಲಿಯ ರೊಪ್ಪದೊಳಗೆ ಕುರಿಗಳು ಸೇರಿದ್ದವು. ಜುಂಜಪ್ಪ ಪಾತ್ರೆಗಳನ್ನು ಗೋಣಿಗೆ ತುಂಬಿ ಹಗ್ಗ ಬಿಗಿಯುತ್ತಿದ್ದ. ಅವನ ಹೆಂಡತಿ ಕೂಸಿಗೆ ಹಾಲು ಕುಡಿಸುತ್ತ ಜಗುಲಿಯಲ್ಲಿ ಕೂತಿದ್ದಳು. ಪುಟ್ಟಕ್ಕ ಹೊಸ ಚಪ್ಪಲಿ ಮೆಟ್ಟಿಕೊಂಡು, ನಡೆಯುವುದು ಅಭ್ಯಾಸವಾಗಲೆಂದು ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಳು.

ಕರೆದುಕೊಂಡು ಹೋಗಲು ಬಂದದ್ದಾ ಎಂದು ಜುಂಜಪ್ಪ ಕೇಳಿದ. ಯಮುನಾ ಕಂಬ ಹಿಡಿದುಕೊಂಡು ಎಲ್ಲವನ್ನೂ ಹೇಳಿದಳು. ಅದು ಫೋಟೋದ ಮಾತು, ಯಾರೂ ದತ್ತು ತಗೊಂಡಿಲ್ಲ, ಯಾರೂ ಬರುವುದಿಲ್ಲ.

ಪುಟ್ಟಕ್ಕನ ಓಡಾಟ ನಿಂತಿತು.

"ನೀನು ಹ್ಞೂ ಅಂದ್ಯಲ್ಲ, ತಾಯಿ."

"ಅಂದೆ ಅಜ್ಜಿ. ಸುಳ್ಳು ಹೇಳ್ದೆ."

ಪುಟ್ಟಕ್ಕ ಹತ್ತಿರ ಬಂದು ಅವಳ ಮುಖವನ್ನು ನೋಡಿದಳು, ನೆಲದ ಮೇಲೆ ಬಿದ್ದ ಏನನ್ನೋ ಕಾಲಿನಿಂದ ಸರಿಸಿ ನೋಡುವ ಹಾಗೆ. ಬಾಯಲ್ಲಿದ್ದ ಎಲೆಯಡಿಕೆಯನ್ನು ಬೇಲಿಯ ಬುಡಕ್ಕೆ ಉಗುಳಿದಳು. ಓದಿದವರ ಬಾಯಿಗಿಂತ ಕುರಿಯ ಬಾಯಿ ವಾಸಿ, ಅದು ಒಂದೇ ಮಾತು ಆಡಿದರೂ ನಿಜ ಆಡುತ್ತದೆ ಎಂದಳು. ಯಮುನಾ ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ತಪ್ಪಿಸಿಕೊಂಡಂತೆ ಎನಿಸಿತು.

ಅಷ್ಟರಲ್ಲಿ ಜಗುಲಿಯ ಮೇಲಿದ್ದ ತಾಯಿ ಕೂಸನ್ನು ಒಂದು ಕೈಗೆ ಮಾಡಿಕೊಂಡು ಇನ್ನೊಂದರಿಂದ ಮೋನಿಕಾಳನ್ನು ಎಳೆದು ತೊಡೆಗೆ ಒತ್ತಿಕೊಂಡಳು. ಇಷ್ಟು ದಿನ ತಡೆದಿಟ್ಟದ್ದೆಲ್ಲ ಅವಳ ಕಣ್ಣಿನಿಂದ ಇಳಿಯಿತು. ಜುಂಜಪ್ಪ ಹಗ್ಗದ ಗಂಟು ಬಿಗಿದು ಎದ್ದ. ಅವನ ಮುಖವೂ ಸಡಿಲವಾಗಿತ್ತು.

"ಹಂಗಾದ್ರೆ ನಮ್ಮ ಹುಡುಗೀನೇ. ನಾಳೆ ನಮ್ಮ ಜೊತೆ ನಡೀತಾಳೆ ಬಿಡ್ರಿ. ಈ ವಯಸ್ನಾಗೆ ಅವ್ವ ಎಲ್ಲಿ ನಡೀತಾಳೆ, ಆಕಿ ಮನೇಲಿರ್ಲಿ."

ಮೋನಿಕಾ ತಾಯಿಯ ತೋಳಿನೊಳಗಿಂದ ಯಮುನಾಳನ್ನು ನೋಡಿದಳು. ಆ ನೋಟ ತಾಗಿದ ಮೇಲೆ ಯಮುನಾಳಿಗೆ ತಾನು ಏನು ಮಾಡಿದೆನೆಂದು ಹೊಳೆಯಿತು. ಸುಳ್ಳು ಇದ್ದಷ್ಟು ದಿನ ಹುಡುಗಿಗೆ ಮನೆ ತಪ್ಪಿತ್ತು, ಪರೀಕ್ಷೆ ಉಳಿದಿತ್ತು. ನಿಜ ಹೇಳಿದ ಕೂಡಲೇ ಮನೆ ಸಿಕ್ಕಿತು, ಪರೀಕ್ಷೆ ಹೋಯಿತು. ಮಂದೆ ವಾಪಸು ಬರುವುದು ಯುಗಾದಿ ಕಳೆದ ಮೇಲೆ. ಇಲ್ಲಿಂದ ಹೀಗೆಯೇ ಎದ್ದು ಹೋದರೆ ಧರ್ಮಪುರದ ಬಸ್ಸು ಸಿಗುತ್ತಿತ್ತು. ನಿಜ ಹೇಳಿದೆ ಎಂಬ ಸಮಾಧಾನವೂ ಸಿಗುತ್ತಿತ್ತು. ಆ ಸಮಾಧಾನವೇ ಅವಳಿಗೆ ಎಲ್ಲಕ್ಕಿಂತ ಅಸಹ್ಯವಾಗಿ ಕಂಡಿತು.

"ಕಾಗದದಲ್ಲಿ ಅವಳನ್ನ ನಾನೂ ದತ್ತು ತಗೊಂಡಿದ್ದೀನಿ," ಎಂದಳು. "ಜುಲೈನಲ್ಲೇ ಸಹಿ ಹಾಕಿದ್ದೀನಿ. ಏನು ಅಂತ ಓದ್ದೆ ಹಾಕ್ದೆ."

ಅಲ್ಲಿಗೇ ನಿಲ್ಲಿಸದೆ ಮುಂದುವರಿದಳು. ಧರ್ಮಪುರದಲ್ಲಿ ತನ್ನದು ಒಂದೇ ಕೋಣೆ. ಎರಡು ಚಾಪೆ ಹಾಸಿದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಪರೀಕ್ಷೆ ಮುಗಿಯುವವರೆಗೆ ಮೋನಿಕಾ ಅಲ್ಲಿರಲಿ, ಇಬ್ಬರೂ ಒಂದೇ ಬಸ್ಸಿನಲ್ಲಿ ಶಾಲೆಗೆ ಬರುತ್ತೇವೆ. ಇಷ್ಟು ವಾಕ್ಯಗಳನ್ನು ಒಟ್ಟಿಗೆ ಮನುಷ್ಯರ ಮುಖ ನೋಡುತ್ತ ಅವಳು ಆಡಿದ್ದು ಅದೇ ಮೊದಲು. ದನಿ ಎರಡು ಕಡೆ ಒಡೆಯಿತು.

ಜುಂಜಪ್ಪ ತನ್ನ ತಾಯಿಯ ಕಡೆ ನೋಡಿದ. ಹಾಗಾದರೆ ನಡೆಯಬೇಕಾದವಳು ಆಕೆಯೇ. ದಿನಕ್ಕೆ ಮೂರು ಹರದಾರಿ, ಸೊಂಟದ ಮೇಲೆ ಕೂಸು. ಪುಟ್ಟಕ್ಕ ಮತ್ತೆ ಅಂಗಳದಲ್ಲಿ ಓಡಾಡತೊಡಗಿದಳು, ಮೊದಲಿಗಿಂತ ಸ್ವಲ್ಪ ಬಿರುಸಾಗಿ. ಮಗ ಅದನ್ನೇ ಉತ್ತರವೆಂದು ತಿಳಿದುಕೊಂಡ.

"ದತ್ತು ಗಿತ್ತು ಬ್ಯಾಡ ಮೇಡಮ್ಮ, ಆ ಮಾತು ಎತ್ಬ್ಯಾಡ್ರಿ. ನಮ್ಮ ಹುಡುಗೀನ ನಾವು ಯಾರ್ಗೂ ಕೊಡಲ್ಲ. ಮೇಸಾಕೆ ಬಿಡ್ತೀನಿ."

ಮೇಯಿಸಲು ಬಿಡುವುದೆಂದರೆ ಏನೆಂದು ಅವನೇ ಬಿಡಿಸಿ ಹೇಳಿದ. ನಾಲ್ಕೈದು ಕುರಿ ಇದ್ದವನು ಅವನ್ನು ಇನ್ನೊಬ್ಬನ ಮಂದೆಗೆ ಬಿಟ್ಟು ಹೋಗುತ್ತಾನೆ. ಕುರಿ ಬಿಟ್ಟವನದೇ, ಮೇಯಿಸಿದವನದಲ್ಲ. ಆದರೆ ಬಡವಾದರೆ ಯಾಕೆ ಬಡವಾಯಿತೆಂದು ಮೇಯಿಸಿದವನು ಹೇಳಬೇಕು. ಸತ್ತರೆ ಗುರುತಿಗೆ ಅದರ ಕಿವಿ ತಂದು ತೋರಿಸಬೇಕು. ಸಹಿ ಗಿಹಿ ಅದಕ್ಕೆ ಬೇಕಿಲ್ಲ. ಯುಗಾದಿ ಕಳೆದು ಬಂದು ಕೇಳುತ್ತೇನೆ, ಒಪ್ಪುವುದಾದರೆ ಒಪ್ಪಿರಿ ಎಂದ.

ಒಪ್ಪಿದೆ ಎಂದಳು ಯಮುನಾ.

ಮೋನಿಕಾ ತಾಯಿಯ ತೋಳು ಬಿಡಿಸಿಕೊಂಡು ಎದ್ದು ಬಂದಳು. ಗುರುಗಳ ಮುಂದೆ ನಿಲ್ಲುವ ಹಾಗೆ ಕೈಕಟ್ಟಿ ನಿಲ್ಲಲಿಲ್ಲ.

"ಪರೀಕ್ಷೆ ತಂಕಾನಾ ಮಿಸ್, ಇಲ್ಲ ಫೋಟೋ ತಂಕಾನಾ?"

"ಪರೀಕ್ಷೆ ತನಕ."

"ಆಮೇಲೆ? ಕಾಲೇಜಿಗೆ?"

ಯಮುನಾಳಿಗೆ ಒಳ್ಳೊಳ್ಳೆಯ ಮಾತುಗಳು ನಾಲಿಗೆಯ ತುದಿಗೆ ಬಂದವು. ಎಲ್ಲವೂ ಎಲ್ಲೋ ಮೈಕಿನಲ್ಲಿ ಕೇಳಿದಂಥವೇ.

"ಗೊತ್ತಿಲ್ಲ ಮೋನಿಕಾ."

ಹುಡುಗಿ ಬಟ್ಟೆ ತರಲು ಒಳಗೆ ಹೋದಳು.